ಕಸಬಾ ಹೋಬಳಿ ಯಾವ ಊರಿಂದು?

ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡೋಕೆ ಹೋಗಿದ್ದೀರಾ? ಊರಲ್ಲಿ ಅರ್ಧ ಎಕರೆ ತೋಟ ಇದ್ದವರೂ ಒಮ್ಮೆಯಾದರೂ ಹೋಗಿರ್ತೀರಿ. ಮೊದಲು ಜಿಲ್ಲೆ ಕೇಳುತ್ತದೆ. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಅಷ್ಟಕ್ಕೇ ಬಿಡಲ್ಲ. ಸರ್‌ನಾಕ್ ಅಂತ ಒಂದು ಡಬ್ಬಿ, ಅದರೊಳಗೆ ಹೆಚ್ಚಿನ ಸಲ ಬರೀ ಒಂದು ನಕ್ಷತ್ರ ಚಿಹ್ನೆ. ನಂತರ ಹಿಸ್ಸಾ ನಂಬರ್, ಅವಧಿ. ಫೋನಿನ ಸಣ್ಣ ಪರದೆಯಲ್ಲಿ ಇಷ್ಟನ್ನೂ ಒತ್ತುವಷ್ಟರಲ್ಲಿ ಎಂಥವರಿಗೂ ತಾಳ್ಮೆ ಹೋಗುತ್ತದೆ. ಸರ್ವೆ ನಂಬರ್ ಗೊತ್ತಿದೆಯಲ್ಲ, ಅದೊಂದನ್ನೇ ಹಾಕಿದರೆ ಆಗಲ್ವಾ?

ಆಗಲ್ಲ. ಸರ್ವೆ ನಂಬರ್ 12 ಅಂತ ಹುಡುಕಿದರೆ ರಾಜ್ಯದಲ್ಲಿ ಸಾವಿರಾರು ಸಿಗುತ್ತವೆ, ಯಾಕಂದ್ರೆ ಪ್ರತಿ ಗ್ರಾಮದ ಲೆಕ್ಕವೂ 1ರಿಂದಲೇ ಶುರು. ಹೋಬಳಿ ಹೆಸರನ್ನೂ ಸೇರಿಸೋಣ ಅಂದ್ರೆ ಅದಕ್ಕೂ ತೊಡಕು. ನಮ್ಮ ಕಡೆಯ ಮೂರು ತಾಲ್ಲೂಕುಗಳನ್ನೇ ನೋಡಿ. ಕೊಪ್ಪದಲ್ಲಿ ಹರಿಹರಪುರ, ಮೇಗುಂದ ಹೋಬಳಿಗಳ ಜೊತೆಗೆ ಕಸಬಾ ಹೋಬಳಿ. ಶೃಂಗೇರಿಯಲ್ಲಿ ಕಿಗ್ಗದ ಜೊತೆಗೆ ಕಸಬಾ. ನರಸಿಂಹರಾಜಪುರದಲ್ಲಿ ಬಾಳೆಹೊನ್ನೂರಿನ ಜೊತೆಗೆ ಇನ್ನೊಂದು ಕಸಬಾ. "ಕಸಬಾ ಹೋಬಳಿ" ಅಂತಷ್ಟೇ ಹೇಳಿದರೆ ಯಾವ ಊರಿಂದು ಅಂತ ದೇವರಿಗೂ ಗೊತ್ತಾಗಲ್ಲ.

ಅದಕ್ಕೇ ಅಷ್ಟು ಡಬ್ಬಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ, ಸರ್‌ನಾಕ್, ಹಿಸ್ಸಾ ಎಲ್ಲ ಸೇರಿದಾಗ ಮಾತ್ರ ಭೂಮಿಯ ಮೇಲಿನ ಒಂದೇ ಒಂದು ತುಂಡು ಜಾಗ ಸಿಗುತ್ತದೆ. ಡೇಟಾಬೇಸ್ ಓದಿದವರು ಇದನ್ನು ಕಾಂಪೋಸಿಟ್ ಕೀ ಅಂತಾರೆ. ಕಾಲೇಜಿನಲ್ಲಿ ನನಗೆ ಇದನ್ನು ಕಲಿಸಿದ್ದು ವಿದ್ಯಾರ್ಥಿ–ವಿಷಯ–ಅಂಕ ಅನ್ನೋ ಸಪ್ಪೆ ಉದಾಹರಣೆಯಲ್ಲಿ. ಮನೆಯ ಪೆಟ್ಟಿಗೆಯಲ್ಲಿದ್ದ ಪಹಣಿ ತೋರಿಸಿ ಪಾಠ ಮಾಡಿದ್ದರೆ ಒಂದೇ ದಿನಕ್ಕೆ ತಲೆಗೆ ಹತ್ತುತ್ತಿತ್ತು.

ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯವರು ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಪ್ರಿಂಟ್ ಸಿಗುತ್ತಿತ್ತು. ಅಲ್ಲಿಯವರೆಗೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕವೇ ಎಲ್ಲ. ಅಷ್ಟು ಜನರ ಜಮೀನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆರೆಯದೆ ಉಳಿದಿರುವುದರಲ್ಲಿ, ನಾವು ಬೈಯುತ್ತಾ ಒತ್ತುವ ಆ ಡಬ್ಬಿಗಳ ಪಾಲು ದೊಡ್ಡದು.

ಈ ವಾರ ಜಾಯಿನ್ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಜಾಯಿನ್ ಅಂದ್ರೆ ನಮ್ಮ ಹಳೇ ಮಾತಲ್ಲಿ ತಾಳೆ ಹಾಕೋದು. ಅಂಗಡಿ ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆ ಹಾಕ್ತಾರಲ್ಲ, ಅದೇ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅನ್ನುವ ಗಣಿತಜ್ಞ ಒಂದು ಪ್ರಬಂಧ ಬರೆದು, ಮಾಹಿತಿಯನ್ನೆಲ್ಲ ಸರಳ ಟೇಬಲ್‌ಗಳಲ್ಲಿ ಇಡಿ, ಒಂದರಿಂದ ಇನ್ನೊಂದಕ್ಕೆ ಹೋಗೋಕೆ ದಾರಿ ಕಟ್ಟಿಡುವ ಬದಲು ಬೆಲೆಗಳನ್ನೇ ತಾಳೆ ನೋಡಿ ಅಂತ ತೋರಿಸಿಕೊಟ್ಟ. ನಾಲ್ಕು ವರ್ಷ ಬಿಟ್ಟು ಅಲ್ಲಿನವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಭಾಷೆ ಕೊಟ್ಟರು. ಇವತ್ತಿನ ಎಸ್‌ಕ್ಯೂಎಲ್ ಹುಟ್ಟಿದ್ದು ಅಲ್ಲಿಂದ. ಇತಿಹಾಸ ಇಷ್ಟು ಸಾಕು.

ನನಗೆ ಇದನ್ನು ಬರೆಯಬೇಕು ಅನ್ನಿಸಿದ್ದು ನಮ್ಮ ಚಿಕ್ಕಪ್ಪನ ಫೋನಿನಿಂದ. ಅವರು ಊರ ಕಡೆಯ ಒಂದು ಸಹಕಾರ ಸಂಘದಲ್ಲಿ ನಿರ್ದೇಶಕರು. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವ ಸಮಯ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ: ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟಬೇಕಾದ್ದು ಅದರ ಶೇ. 5, ಅಂದ್ರೆ 6,400. ಗ್ರಾಮ ಪಂಚಾಯಿತಿಯ ಮಳೆಮಾಪಕ ಏನು ಹೇಳುತ್ತದೋ ಅದರ ಮೇಲೆ ಪರಿಹಾರ. ಹಳದಿ ಎಲೆ ರೋಗ ಎಷ್ಟೋ ವರ್ಷದಿಂದ ತೋಟ ತಿನ್ನುತ್ತಿದೆ, ಈಚೆಗೆ ಎಲೆಚುಕ್ಕೆ ಬೇರೆ. ಮಳೆ ಜಾಸ್ತಿಯಾದ ವರ್ಷ ಕೊಳೆ. ಹಾಗಾಗಿ ಈ ವಿಮೆ ದುಡ್ಡು ಮಲೆನಾಡಿನ ಸಣ್ಣ ಹಿಡುವಳಿದಾರರಿಗೆ ಸಣ್ಣ ವಿಷಯ ಅಲ್ಲ. ಆದರೆ ಕೊನೇ ದಿನಾಂಕ ದಾಟಿದರೆ ಮುಗೀತು, ಆ ವರ್ಷ ಇಲ್ಲ.

"ಎಂತದ್ದು ಮಾರಾಯ ಇದು," ಅಂದ್ರು ಚಿಕ್ಕಪ್ಪ. "ಪಟ್ಟಿಯಲ್ಲಿ ಎಲ್ಲರೂ ಕಟ್ಟಿದ್ದಾರೆ ಅಂತ ಉಂಟು. ಆದ್ರೆ ಅಂಗಡಿ ಹತ್ರ ಸಿಕ್ಕ ಇಬ್ಬರು ನಮ್ಮದು ಆಗ್ಲಿಲ್ಲ ಅಂತಾರೆ. ಕೊನೇ ದಿನಕ್ಕೆ ಹನ್ನೊಂದೇ ದಿನ ಉಳಿದಿರೋದು."

ಪಟ್ಟಿ ಕಳಿಸಿದರು. ಮೂರು ಎಕ್ಸೆಲ್ ಹಾಳೆ: ಸದಸ್ಯರದ್ದು, ಪಹಣಿಯದ್ದು, ವಿಮೆ ಕಟ್ಟಿದವರದ್ದು. ಯಾರೋ ಮೂರನ್ನೂ ಹೆಸರಿನ ಮೇಲೆ ತಾಳೆ ಹಾಕಿ, ಮೂರರಲ್ಲೂ ಸಿಕ್ಕವರನ್ನು ಮಾತ್ರ ನಾಲ್ಕನೇ ಹಾಳೆಯಲ್ಲಿ ಇಳಿಸಿದ್ದರು. ಇದು ಇನ್ನರ್ ಜಾಯಿನ್. ಎರಡೂ ಕಡೆ ಇದ್ದರೆ ಸಾಲು ಉಳಿಯುತ್ತದೆ, ಒಂದು ಕಡೆ ಇಲ್ಲದಿದ್ದರೆ ಸದ್ದಿಲ್ಲದೆ ಹೋಗುತ್ತದೆ. ಹಾಗೆ ಉಳಿದ ಪಟ್ಟಿಯಲ್ಲಿ ಎಲ್ಲರೂ ಕಟ್ಟಿದವರೇ ಇರ್ತಾರೆ, ಕಟ್ಟದವರು ಆ ಪಟ್ಟಿಗೆ ಬರಲು ಸಾಧ್ಯವೇ ಇಲ್ಲವಲ್ಲ! ಮದುವೆ ಮನೆಯಲ್ಲಿ ಊಟಕ್ಕೆ ಕೂತವರನ್ನು ಮಾತ್ರ ಎಣಿಸಿ "ಕರೆದವರೆಲ್ಲ ಬಂದಿದ್ದಾರೆ" ಅಂದ ಹಾಗೆ. ಆಫೀಸಿನಲ್ಲಿ ಯಾವುದಾದರೂ ರಿಪೋರ್ಟು ಅನುಮಾನ ಬರುವಷ್ಟು ಚೆನ್ನಾಗಿದ್ದರೆ, ನಾನು ಮೊದಲು ನೋಡೋದು ಒಳಗೆಲ್ಲಾದರೂ ಇನ್ನರ್ ಜಾಯಿನ್ ಕೂತಿದೆಯಾ ಅಂತ.

ಹೆಸರಿನ ಮೇಲೆ ತಾಳೆ ಹಾಕೋದಂತೂ ಬೇಡವೇ ಬೇಡ. ಪಹಣಿಯಲ್ಲಿ "ಇಂಥವರು ಬಿನ್ ಇಂಥವರು" ಅಂತಿರುತ್ತದೆ, ಹೆಂಗಸರಾದರೆ "ಕೋಂ". ಆಧಾರಿನಲ್ಲಿ ಅದಿಲ್ಲ, ಬದಲಿಗೆ ಇನಿಷಿಯಲ್ಲು. ಇನಿಷಿಯಲ್ಲು ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ. ಒಂದು ಹಾಳೆಯಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ಒಂದರಲ್ಲಿ ಗೌಡ, ಇನ್ನೊಂದರಲ್ಲಿ ಗೌಡರು.

ಊರಿನ ಹೆಸರಿನ ಕಥೆ ಇನ್ನೂ ಚೆಂದ. ಎನ್.ಆರ್.ಪುರ, ಎನ್ ಆರ್ ಪುರ, ನರಸಿಂಹರಾಜಪುರ ಮೂರೂ ಒಂದೇ ಹಾಳೆಯಲ್ಲಿದ್ದವು. ಹಳಬರು ಎಡೇಹಳ್ಳಿ ಅಂತಾರೆ, ಪುಣ್ಯಕ್ಕೆ ಅದೊಂದು ಇರಲಿಲ್ಲ. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ 2014ರ ನವೆಂಬರ್ 1ರಿಂದ ಬದಲಾಯಿತು, ಚಿಕ್ಕಮಗಳೂರು ಅಂತ ನಾವು ಅನ್ನುವ ಹಾಗೆಯೇ ಆಯಿತು. ಅದಕ್ಕಿಂತ ಹಿಂದಿನ ಫೈಲಿಗೂ ಈಗಿನ ಫೈಲಿಗೂ ಹೆಸರಿನ ಮೇಲೆ ತಾಳೆ ಹಾಕಿದರೆ ಇಡೀ ಜಿಲ್ಲೆಯೇ ಮಾಯ. ಪಕ್ಕದ ಕಳಸವನ್ನು ನೋಡಿ. ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದದ್ದು ಈಗ ತಾನೇ ತಾಲ್ಲೂಕು. ಪ್ರತಿ ಸಾಲಿನಲ್ಲೂ "ಮೂಡಿಗೆರೆ" ಅಂತ ಬರೆದಿಟ್ಟವರು ಸಾವಿರ ಸಾಲು ತಿದ್ದಬೇಕು. ಊರಿಗೊಂದು ಸಂಖ್ಯೆ ಕೊಟ್ಟು, ಊರಿನ ಟೇಬಲ್ಲಿನಲ್ಲಿ ಒಮ್ಮೆ ಮಾತ್ರ ತಾಲ್ಲೂಕನ್ನು ಬರೆದವರಿಗೆ ಊರಿಗೊಂದು ಸಾಲು ತಿದ್ದಿದರೆ ಸಾಕು. ಜನಗಣತಿಯವರು 2011ರಲ್ಲಿ ಪ್ರತಿ ಗ್ರಾಮಕ್ಕೂ 6 ಅಂಕಿಯ ಕೋಡ್ ಕೊಟ್ಟಿದ್ದು ಸುಮ್ಮನೆ ಅಲ್ಲ.

ಕನ್ನಡದಲ್ಲೇ ಡೇಟಾ ಇಡುವವರಿಗೆ ಇನ್ನೊಂದು ವಿಚಿತ್ರ. "ಕೊಪ್ಪ" ಅನ್ನೋ ಪದವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಮೊದಲಕ್ಷರದ ಒ-ಕಾರಕ್ಕೆ ಒಂದೇ ಸಂಕೇತವೂ ಇದೆ, ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎರಡನ್ನು ಜೋಡಿಸಿಯೂ ಅದೇ ರೂಪ ತರಬಹುದು. ಪರದೆ ಮೇಲೆ ಎರಡೂ ಕೊಪ್ಪವೇ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲ್ಲ. ಆದರೆ ಡೇಟಾಬೇಸಿಗೆ ಇವು ಸಾಮಾನ್ಯವಾಗಿ ಬೇರೆ ಬೇರೆ ಊರು! ಡೇಟಾ ಒಳಗೆ ಬರುವಾಗಲೇ ಎನ್‌ಎಫ್‌ಸಿ ಅನ್ನುವ ರೂಪಕ್ಕೆ ತಂದುಬಿಟ್ಟರೆ ಈ ತಲೆನೋವು ಹೋಗುತ್ತದೆ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ಒಂದು ಸಾಲಿನ ಕೆಲಸ.

ಹಾಳೆಯಲ್ಲಿ ಸರ್ವೆ ನಂಬರುಗಳೂ ಕೆಟ್ಟಿದ್ದವು. 12/3 ಅಂತ ಹೊಡೆದರೆ ಎಕ್ಸೆಲ್ ಅದನ್ನು ತಾರೀಕು ಅಂದುಕೊಳ್ಳುತ್ತದೆ. ಪಾಪ, ಸರ್ವೆ 12, ಹಿಸ್ಸಾ 3 ಅಂತ ಅದಕ್ಕೇನು ಗೊತ್ತು? ಕಂಪ್ಯೂಟರಿನ ಸೆಟ್ಟಿಂಗ್ ಹೇಗಿದೆಯೋ ಹಾಗೆ ಮಾರ್ಚ್ 12 ಆಗಬಹುದು, ಡಿಸೆಂಬರ್ 3 ಆಗಬಹುದು. ನಗಬೇಡಿ, ವಿಜ್ಞಾನಿಗಳಿಗೂ ಇದೇ ಕಾಟ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಮನುಷ್ಯರ ಜೀನುಗಳು ಎಕ್ಸೆಲ್‌ನಲ್ಲಿ ತಾರೀಕಾಗುತ್ತಿವೆ ಅಂತ 2020ರ ಹೊತ್ತಿಗೆ ಆ ಜೀನುಗಳ ಹೆಸರನ್ನೇ ಬದಲಾಯಿಸಿದರು. ನಾವು ಹಿಸ್ಸಾ ನಂಬರ್ ಬದಲಾಯಿಸೋಕಾಗಲ್ಲ. ಸರ್ವೆಗೊಂದು ಕಾಲಂ, ಹಿಸ್ಸಾಕ್ಕೊಂದು ಕಾಲಂ ಮಾಡಿದರೆ ಆಯ್ತು. ಒಂದು ಕಾಲಮ್ಮಿನಲ್ಲಿ ಎರಡು ಸಂಗತಿ ತುರುಕಬಾರದು ಅನ್ನೋದು ಟೇಬಲ್ ವಿನ್ಯಾಸದ ಮೊದಲ ಪಾಠ.

ಇನ್ನು ಮಾಲೀಕರು. ಪಹಣಿ ಹಾಳೆಯಲ್ಲಿ ಮಾಲೀಕರು-1, ಮಾಲೀಕರು-2, ಮಾಲೀಕರು-3 ಅಂತ ಮೂರು ಕಾಲಂ ಇದ್ದವು. ನಾಲ್ಕನೇ ತಮ್ಮ ಇದ್ದರೆ? ಅಲ್ಲೇ ಕಾಮಾ ಹಾಕಿ ಸೇರಿಸಿದ್ದರು. ನಮ್ಮೂರಲ್ಲಿ ಒಂದು ಸರ್ವೆ ನಂಬರಿಗೆ ಅಣ್ಣ ತಮ್ಮ, ಅತ್ತೆ, ದೊಡ್ಡಪ್ಪನ ಮಕ್ಕಳು ಎಲ್ಲರೂ ಜಂಟಿ ಖಾತೆದಾರರು. ಒಬ್ಬರಿಗೇ ಐದಾರು ಕಡೆ ಚೂರುಪಾರು ಜಮೀನು. ಒಂದು ಜಮೀನಿಗೆ ಹಲವು ಜನ, ಒಬ್ಬರಿಗೆ ಹಲವು ಜಮೀನು. ಇದನ್ನು ಜನರ ಟೇಬಲ್ಲಿನಲ್ಲೂ ಹಿಡಿಸೋಕಾಗಲ್ಲ, ಜಮೀನಿನ ಟೇಬಲ್ಲಿನಲ್ಲೂ ಆಗಲ್ಲ. ನಡುವೆ ಮೂರನೇ ಟೇಬಲ್ ಬೇಕು. ನಾನು ಅದಕ್ಕೆ "ಹಕ್ಕು" ಅಂತ ಹೆಸರಿಟ್ಟೆ. ಒಂದು ಸಾಲು ಅಂದ್ರೆ ಒಬ್ಬ ವ್ಯಕ್ತಿಗೆ ಒಂದು ಜಮೀನಿನಲ್ಲಿರುವ ಹಕ್ಕು. ಸದಸ್ಯ ಸಂಖ್ಯೆ, ಜಮೀನು ಸಂಖ್ಯೆ, ಯಾವ ಎಂ.ಆರ್. ನಂಬರಿನಿಂದ ಬಂತು, ಯಾವತ್ತಿನಿಂದ. ಪಹಣಿಯ ಕಾಲಂ 9, 10 ನೋಡಿದವರಿಗೆ ಇದು ಹೊಸದೇನಲ್ಲ. ಹೆಸರು, ಖಾತೆ ಒಂಬತ್ತರಲ್ಲಿ, ಹಕ್ಕು ಹೇಗೆ ಬಂತು ಅನ್ನೋದು ಹತ್ತರಲ್ಲಿ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಕಂದಾಯ ಇಲಾಖೆಯವರಿಗೆ ಈ ವಿಷಯ ತಿಳಿದಿತ್ತು.

ಸದಸ್ಯರಿಗೆ ಸಂಘದ ಸದಸ್ಯ ಸಂಖ್ಯೆಯನ್ನೇ ಮುಖ್ಯ ಕೀ ಮಾಡಿದೆ. ಫ್ರೂಟ್ಸ್‌ನ ಎಫ್‌ಐಡಿ ಯಾಕೆ ಬೇಡ ಅಂತ ನೀವು ಕೇಳಬಹುದು. ಅದು ಒಳ್ಳೇ ಗುರುತೇ. ಒಬ್ಬ ರೈತನಿಗೆ ಒಂದೇ, ಜಮೀನಿನ ವಿವರವೂ ಅದಕ್ಕೆ ಅಂಟಿರುತ್ತದೆ. ಆದರೆ ಕೆಲವರು ಇನ್ನೂ ಮಾಡಿಸಿರಲಿಲ್ಲ. ಕೆಲವರ ಹತ್ತಿರ ಇಲ್ಲದ್ದನ್ನು ಮುಖ್ಯ ಕೀ ಮಾಡಿದರೆ ಅವರಿಗೆ ಟೇಬಲ್ಲಿನೊಳಗೆ ಜಾಗವೇ ಇರಲ್ಲ. ಅದನ್ನು ಬೇರೆ ಕಾಲಂ ಮಾಡಿ, ಇದ್ದರೆ ಎರಡು ಸಲ ಬರಬಾರದು ಅಂತ ಕಟ್ಟು ಹಾಕಿದೆ.

ವಿಸ್ತೀರ್ಣದ ಬಗ್ಗೆ ಒಂದು ಮಾತು, ಇದರಲ್ಲಿ ಬುದ್ಧಿವಂತರೂ ಬೀಳ್ತಾರೆ. ಪಹಣಿಯಲ್ಲಿ 2.20 ಅಂದ್ರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. 2.20ಕ್ಕೆ 1.30 ಕೂಡಿಸಿದರೆ ಎಕ್ಸೆಲ್ 3.50 ಅನ್ನುತ್ತದೆ. ನಿಮ್ಮ ಅಜ್ಜನನ್ನು ಕೇಳಿ, 4 ಎಕರೆ 10 ಗುಂಟೆ ಅಂತಾರೆ. ಅಜ್ಜನೇ ಸರಿ. ಎಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕದಲ್ಲಿಡಿ, ತೋರಿಸುವಾಗ ಮಾತ್ರ ಎಕರೆ ಮಾಡಿ. ಆಣೆ ಲೆಕ್ಕವೂ ಬೇಕಾದರೆ ಆಣೆಗೇ ಇಳಿಸಿ.

ಕೂಡಿಸುವ ವಿಷಯ ಬಂತಲ್ಲ, ಜಾಯಿನ್ನಿನ ಇನ್ನೊಂದು ಗುಂಡಿ ಇಲ್ಲೇ ಇದೆ. ಆ ಎರಡೂವರೆ ಎಕರೆಗೆ ಮೂವರು ಜಂಟಿ ಮಾಲೀಕರು ಅಂದುಕೊಳ್ಳಿ. ಅದರಲ್ಲಿ ಅಡಿಕೆ, ಮರಕ್ಕೆ ಹಬ್ಬಿಸಿದ ಮೆಣಸು, ನಡುವೆ ಕಾಫಿ, ಅಂದ್ರೆ ಮೂರು ಬೆಳೆ. ಜಮೀನನ್ನು ಹಕ್ಕಿಗೂ ಬೆಳೆಗೂ ಒಟ್ಟಿಗೆ ಜಾಯಿನ್ ಮಾಡಿದರೆ ಮೂರು ಮೂರಲೆ ಒಂಬತ್ತು ಸಾಲು. ಪ್ರತಿ ಸಾಲಿನಲ್ಲೂ ಎರಡೂವರೆ ಎಕರೆ. ಒಟ್ಟು ಕೂಡಿಸಿದರೆ 22 ಎಕರೆ 20 ಗುಂಟೆ! ಅಷ್ಟು ತೋಟ ಇದ್ದಿದ್ದರೆ ಮೂವರಲ್ಲಿ ಇಬ್ಬರು ಬೆಂಗಳೂರಿಗೆ ಯಾಕೆ ಬರ್ತಿದ್ರು? ಮಾಲೀಕರಿಗೂ ಬೆಳೆಗೂ ನೇರ ಸಂಬಂಧ ಇಲ್ಲ, ಇಬ್ಬರಿಗೂ ಸಂಬಂಧ ಇರೋದು ಜಮೀನಿನ ಜೊತೆ. ಅಂಥ ಎರಡನ್ನು ಒಂದೇ ಕ್ವೆರಿಯಲ್ಲಿ ಎಳೆದು ತಂದು ಮೊತ್ತ ಕೇಳಬೇಡಿ. ವಿಸ್ತೀರ್ಣ ಬೇಕಾದರೆ ಜಮೀನಿನ ಟೇಬಲ್ಲಿನಿಂದಲೇ ಕೂಡಿಸಿ. ನಾನು ಪ್ರತಿ ಜಾಯಿನ್ ಮಾಡುವ ಮುಂಚೆ, ಮಾಡಿದ ಮೇಲೆ ಎಷ್ಟು ಸಾಲು ಅಂತ ಎಣಿಸ್ತೀನಿ. ಹೆಚ್ಚಾದರೂ ಅನುಮಾನ, ಕಮ್ಮಿಯಾದರೂ ಅನುಮಾನ. "ಡಿಸ್ಟಿಂಕ್ಟ್ ಹಾಕಿದೆ, ಸರಿಹೋಯ್ತು" ಅನ್ನುವ ಸಹೋದ್ಯೋಗಿಗಳನ್ನು ಕಂಡರೆ ನನಗೆ ಸ್ವಲ್ಪ ಹೆದರಿಕೆ.

ಟೇಬಲ್ ಸರಿಯಾದ ಮೇಲೆ ಪ್ರಶ್ನೆ ಕೇಳೋದು ಸುಲಭ. ಯಾರು ಬಿಟ್ಟುಹೋಗಿದ್ದಾರೆ? ಅದಕ್ಕೆ ಬೇಕಾದ್ದು ಲೆಫ್ಟ್ ಜಾಯಿನ್. ಎಡಗಡೆಯ ಟೇಬಲ್ಲಿನ ಎಲ್ಲರೂ ಉಳಿಯಬೇಕು, ಬಲಗಡೆ ಜೊತೆ ಸಿಗದಿದ್ದರೆ ಆ ಜಾಗ ಖಾಲಿ, ಅಂದ್ರೆ ನಲ್. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಓದೋಕೆ ಇಲ್ಲಿ ಕನ್ನಡದಲ್ಲಿ ಕೊಡ್ತೀನಿ:

ಸೆಲೆಕ್ಟ್ ಸದಸ್ಯರು.ಹೆಸರು, ಹಕ್ಕು.ಜಮೀನು_ಸಂಖ್ಯೆ
ಫ್ರಮ್ ಸದಸ್ಯರು
ಲೆಫ್ಟ್ ಜಾಯಿನ್ ಹಕ್ಕು
ಆನ್ ಹಕ್ಕು.ಸದಸ್ಯ_ಸಂಖ್ಯೆ = ಸದಸ್ಯರು.ಸದಸ್ಯ_ಸಂಖ್ಯೆ
ಲೆಫ್ಟ್ ಜಾಯಿನ್ ವಿಮೆ
ಆನ್ ವಿಮೆ.ಜಮೀನು_ಸಂಖ್ಯೆ = ಹಕ್ಕು.ಜಮೀನು_ಸಂಖ್ಯೆ
ಅಂಡ್ ವಿಮೆ.ಬೆಳೆ = 'ಅಡಿಕೆ'
ಅಂಡ್ ವಿಮೆ.ವರ್ಷ = 2024
ವೇರ್ ವಿಮೆ.ಜಮೀನು_ಸಂಖ್ಯೆ ಈಸ್ ನಲ್

ವಿಮೆಯನ್ನು ಸದಸ್ಯರ ಮೇಲೆ ಅಲ್ಲ, ಜಮೀನಿನ ಮೇಲೆ ತಾಳೆ ಹಾಕಿದ್ದನ್ನು ಗಮನಿಸಿ. ಜಂಟಿ ಖಾತೆಯಲ್ಲಿ ಅಣ್ಣ ಕಟ್ಟಿದ್ದರೆ ತಮ್ಮನನ್ನು "ಬಿಟ್ಟುಹೋದವರು" ಅಂತ ಕರೆದರೆ ಮನೆಯಲ್ಲಿ ಸುಮ್ಮನೆ ಜಗಳ.

ವರ್ಷ ಮತ್ತು ಬೆಳೆಯ ಷರತ್ತು ಆನ್ ಜೊತೆಗಿದೆ, ವೇರ್ ಜೊತೆ ಇಲ್ಲ. ಇದು ಮುಖ್ಯ. ಅದನ್ನು ಕೆಳಗಿಳಿಸಿ ವೇರ್‌ಗೆ ಹಾಕಿದರೆ ಏನಾಗುತ್ತದೆ? ವಿಮೆ ಇಲ್ಲದವರ ಸಾಲಿನಲ್ಲಿ ವರ್ಷದ ಜಾಗ ಖಾಲಿ. ಖಾಲಿ ಅನ್ನೋದು 2024 ಹೌದೋ ಅಲ್ಲವೋ ಅಂತ ಎಸ್‌ಕ್ಯೂಎಲ್‌ಗೆ ಹೇಳೋಕೆ ಬರಲ್ಲ, ಗೊತ್ತಿಲ್ಲ ಅನ್ನುತ್ತದೆ. ವೇರ್‌ಗೆ ಬೇಕಾದ್ದು ಖಡಾಖಂಡಿತ ಹೌದು. ಹಾಗಾಗಿ ಅವರನ್ನೇ ಆಚೆ ಹಾಕುತ್ತದೆ. ಹುಡುಕೋಕೆ ಹೊರಟಿದ್ದು ಯಾರನ್ನೋ ಅವರೇ ಮಾಯ. ಸಂದರ್ಶನಕ್ಕೆ ಬರುವ ಐದು ವರ್ಷ ಅನುಭವದವರಲ್ಲೂ ಇದನ್ನು ಕೇಳಿದರೆ ತಡವರಿಸುವವರಿದ್ದಾರೆ. ನಲ್‌ಗೆ ಸಮ ಚಿಹ್ನೆ ಹಾಕದೆ "ಈಸ್ ನಲ್" ಅಂತಲೇ ಬರೆಯಬೇಕಾದ್ದೂ ಇದೇ ಕಾರಣಕ್ಕೆ.

ಕ್ವೆರಿ ಓಡಿಸಿದೆ. ಎರಡು ಥರದ ಜನ ಬಂದರು. ಮೊದಲನೆಯವರಿಗೆ ಜಮೀನು ಸಂಖ್ಯೆ ಇತ್ತು, ವಿಮೆ ಇರಲಿಲ್ಲ. ಹೆಚ್ಚಿನವರು ಸಾಲ ಇಲ್ಲದವರು. ಸಾಲ ಇದ್ದವರ ಪ್ರೀಮಿಯಂ ಸಂಘವೇ ಹಿಡಿದುಕೊಂಡಿತ್ತು, ಇವರು ತಾವೇ ಬಂದು ಕಟ್ಟಬೇಕಿತ್ತು. ಸಾಲ ತೀರಿಸಿದ ಮೇಲೂ ತಮ್ಮದು ತಾನಾಗಿ ಹೋಗುತ್ತದೆ ಅಂದುಕೊಂಡಿದ್ದರು. ಚಿಕ್ಕಪ್ಪ ಪಟ್ಟಿ ಪ್ರಿಂಟ್ ತೆಗೆಸಿ, ನೆಟ್‌ವರ್ಕ್ ಸಿಗದ ಮನೆಗಳಿಗೆ ಬೈಕಿನಲ್ಲಿ ಹೋಗಿ ಬಂದರು. ಕೊನೇ ದಿನಕ್ಕೆ ಮುಂಚೆ ಅವರೆಲ್ಲ ಕಟ್ಟಿದರು.

ಎರಡನೇ ಥರದವರಿಗೆ ಜಮೀನು ಸಂಖ್ಯೆಯೇ ಖಾಲಿ. ಸದಸ್ಯರು ಹೌದು, ಹಕ್ಕಿನ ಟೇಬಲ್ಲಿನಲ್ಲಿ ಒಂದು ಸಾಲೂ ಇಲ್ಲ. ಕೆಲವು ಟೈಪಿಂಗ್ ತಪ್ಪು, ಪಹಣಿ ನೋಡಿ ತಿದ್ದಿದೆವು. ಉಳಿದವರಲ್ಲಿ ಒಬ್ಬರು ನಮ್ಮ ಮನೆಯಿಂದ ಎರಡು ತಿರುವು ಆಚೆ ಇರುವ ಅತ್ತೆ. ರಕ್ತ ಸಂಬಂಧ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆಯೋದು. ಮಾವ ತೀರಿಹೋದ ಮೇಲೆ ಸಂಘದ ಷೇರು ಅವರ ಹೆಸರಿಗೆ ಬಂದಿತ್ತು. ತೋಟ ನೋಡಿಕೊಳ್ಳುವುದು, ಕೊನೆ ತೆಗೆಸುವುದು, ಸುಲಿಸುವುದು ಎಲ್ಲ ಅವರೇ. ಕಾಲಂ 9ರಲ್ಲಿ ಮಾತ್ರ ಇನ್ನೂ ಮಾವ. ಪೌತಿ ಖಾತೆ ಮಾಡಿಸಿರಲೇ ಇಲ್ಲ.

"ತೋಟ ನಂದೇ ಅಲ್ವಾ ಪುಟ್ಟಾ," ಅಂದರು ಫೋನಿನಲ್ಲಿ. "ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ."

ಹೆಸರಿನ ಮೇಲೆ ತಾಳೆ ಹಾಕಿದ್ದಾಗ ಇವರು ಸಂಘದ ಸದಸ್ಯೆ ಅನ್ನೋದೇ ಪಟ್ಟಿಯಿಂದ ಅಳಿಸಿಹೋಗಿತ್ತು. ಈಗ ಕನಿಷ್ಠ ಖಾಲಿ ಜಾಗವಾಗಿ ಕಾಣಿಸಿದರು. ಆದರೆ ಆ ಖಾಲಿ ತುಂಬಿಸೋಕೆ ಯಾವ ಜಾಯಿನ್ನಿಗೂ ಆಗಲ್ಲ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಬೇರೆ ಊರಲ್ಲಿರುವ ಇಬ್ಬರು ಮಕ್ಕಳ ಒಪ್ಪಿಗೆ ಬೇಕು. ಉಳಿದಿದ್ದ ದಿನಗಳಲ್ಲಿ ಮುಗಿಯುವ ಕೆಲಸ ಅಲ್ಲ. ಆ ವರ್ಷ ಅವರ ತೋಟಕ್ಕೆ ವಿಮೆ ಆಗಲಿಲ್ಲ.

ಸಂಘದವರು ಈಗ ಅಂಥ ಸಾಲುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ಗೋಡೆಗೆ ಹಚ್ಚಿದ್ದಾರೆ, ಮೇಲೆ ದಪ್ಪ ಅಕ್ಷರದಲ್ಲಿ "ಪೌತಿ ಬಾಕಿ" ಅಂತ. ಅತ್ತೆಯ ಅರ್ಜಿ ನಾಡಕಚೇರಿಯಲ್ಲಿದೆ. ಎಂ.ಆರ್. ನಂಬರ್ ಬಂದ ದಿನ ಫೋನ್ ಮಾಡ್ತೀನಿ, ಹಕ್ಕು ಟೇಬಲ್ಲಿಗೆ ಸಾಲು ನೀನೇ ಸೇರಿಸು ಅಂದಿದ್ದಾರೆ ಚಿಕ್ಕಪ್ಪ.